ಸಪ್ಪಳ ಬರಬಾರದೆಂದು ಕಟ್ಟಿದ ಸೈಕಲ್

ಬೆಳಗಿನ ಐದೂವರೆ. ಕುಷ್ಟಗಿಯ ಹೆದ್ದಾರಿ ಪಕ್ಕದ ತಗಡಿನ ಅಂಗಡಿಯಲ್ಲಿ ಒಂದೇ ಬಲ್ಬು ಉರಿಯುತ್ತಿದೆ. ಸ್ಟ್ಯಾಂಡಿಗೆ ಏರಿಸಿದ ರೇಸಿಂಗ್ ಸೈಕಲ್ಲಿನ ಮುಂದೆ ಸಣ್ಣಪ್ಪ ಬಗ್ಗಿ ನಿಂತಿದ್ದಾರೆ. ಒಂದು ಕೈ ಪೆಡಲು ತಿರುಗಿಸುತ್ತಿದೆ, ಇನ್ನೊಂದು ಕೈಯ ಬೆರಳು ಬ್ರೇಕ್ ಹಿಡಿಕೆಯ ಬದಿಯ ಗುಂಡಿ ಒತ್ತುತ್ತಿದೆ. ಒತ್ತಿದಾಗಲೆಲ್ಲ ಹಿಂಗಾಲಿಯ ಬಳಿ ಝುಂಯ್ ಎಂಬ ಸಣ್ಣ ಸದ್ದು, ಚೈನು ಒಂದು ಹಲ್ಲಿನ ಚಕ್ರದಿಂದ ಪಕ್ಕದ ಚಕ್ರಕ್ಕೆ ಜಿಗಿಯುತ್ತದೆ. ಅವರು ಕಣ್ಣು ಮುಚ್ಚಿ ಕೇಳುತ್ತಾರೆ. ಏಳನೆಯ ಜಿಗಿತಕ್ಕೆ ಹುಬ್ಬು ಗಂಟಾಗುತ್ತದೆ.

"ಏಳನೇದಕ್ಕ ಕರಕರ ಅನ್ನಾಕತ್ತೈತಿ. ನಿಮಗ ಕೇಳಿಸ್ತೇನ್ರಿ?"

ನನಗೆ ಕೇಳಿಸುವುದು ಲಾರಿಗಳ ಸದ್ದು ಮಾತ್ರ. ಆದರೂ ಹೌದು ಎಂದು ತಲೆಯಾಡಿಸುತ್ತೇನೆ. ಜಿಲ್ಲಾ ವರದಿಗಾರನಾಗಿ ಹದಿನಾರು ವರ್ಷ ಕಳೆದವನಿಗೆ ಗೊತ್ತಿಲ್ಲದ್ದಕ್ಕೂ ತಲೆಯಾಡಿಸುವುದು ರೂಢಿಯಾಗಿಬಿಟ್ಟಿರುತ್ತದೆ. ಈ ಲೇಖನ ಓದಿ ಮುಗಿಸುವ ಹೊತ್ತಿಗೆ ಆ ರೂಢಿಯ ಬೆಲೆ ಏನೆಂದು ನಿಮಗೂ ತಿಳಿಯುತ್ತದೆ.

ಮೊದಲು ಕೆಲಸದ ವಿಷಯ. ಗೇರ್ ಸೈಕಲ್ ಎಂದರೆ ನಮಗೆ ಗೊತ್ತಿರುವುದು ಹಿಡಿಕೆಯಿಂದ ಹಿಂಗಾಲಿಯವರೆಗೆ ಎಳೆದ ಉಕ್ಕಿನ ತಂತಿ. ರೇಸಿಗೆ ಹೋಗುವವರ ಹೊಸ ಸೈಕಲ್ಲುಗಳಲ್ಲಿ ಆ ತಂತಿಯೇ ಇಲ್ಲ. ಸೀಟಿನ ಕೊಳವೆಯೊಳಗೆ ಬೆರಳುದ್ದದ ಬ್ಯಾಟರಿ, ಹಿಡಿಕೆಯಲ್ಲಿ ಗುಂಡಿ, ಹಿಂದೆ ಬೆಂಕಿಪೆಟ್ಟಿಗೆಯಷ್ಟು ಮೋಟರು. ಗುಂಡಿ ಒತ್ತಿದರೆ ಗೇರು ತಾನಾಗಿ ಬದಲಾಗುತ್ತದೆ. ಇದಕ್ಕೆ ಎಲೆಕ್ಟ್ರಾನಿಕ್ ಶಿಫ್ಟರ್ ಎನ್ನುತ್ತಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಇಂಥ ಸೈಕಲ್ಲು ಸಣ್ಣಪ್ಪನವರ ಲೆಕ್ಕದಲ್ಲಿ ಹದಿನೇಳು. ಅವುಗಳಲ್ಲಿ ಹನ್ನೊಂದಕ್ಕೆ ಶಿಫ್ಟರ್ ಕೂಡಿಸಿದ್ದು ಅವರೇ. ಉಳಿದ ಆರು ಕೆಟ್ಟಾಗ ಬರುವುದೂ ಇಲ್ಲಿಗೇ.

ಸಣ್ಣಪ್ಪನವರಿಗೆ ಈಗ ನಲವತ್ತೈದು. ಓದಿದ್ದು ಏಳನೆಯ ಇಯತ್ತೆ. ಗಂಗಾವತಿಯ ಗ್ಯಾರೇಜೊಂದರಲ್ಲಿ ಎಂಟು ವರ್ಷ ಬೈಕುಗಳ ವೈರಿಂಗ್ ಮಾಡಿದವರು. ನಂತರ ಇಲ್ಲಿಗೆ ಬಂದು ಸೈಕಲ್ ಅಂಗಡಿ ಹಾಕಿದರು. ಬೆಳಗಿನ ಜಾವ ಹೆದ್ದಾರಿಯಲ್ಲಿ ಅಭ್ಯಾಸಕ್ಕೆ ಬರುವ ಹುಡುಗ ಹುಡುಗಿಯರು ಪಂಚರ್‌ಗೆಂದು ನಿಲ್ಲುತ್ತಿದ್ದರು. ಹಾಗೇ ಒಂದು ದಿನ ಗುಂಡಿಯ ಸೈಕಲ್ಲೂ ಬಂತು. ಫೋನಿನಲ್ಲಿ ವಿಡಿಯೊ ನೋಡಿ ಕಲಿತರು. ವಿಡಿಯೊದಲ್ಲಿನ ಮಾತು ಅವರಿಗೆ ತಿಳಿಯುತ್ತಿರಲಿಲ್ಲ. "ಮಾತು ಬಂದ್ ಮಾಡಿ ಕೈ ಅಷ್ಟ ನೋಡ್ತಿದ್ದೆ ನೋಡ್ರಿ. ಕೈ ಸುಳ್ಳು ಹೇಳಂಗಿಲ್ಲ" ಎನ್ನುತ್ತಾರೆ.

ಅವರದೇ ಕೆಲವು ಉಪಾಯಗಳಿವೆ. ಸೈಕಲ್ಲಿನ ಕೊಳವೆಯೊಳಗೆ ವೈರು ತೂರಿಸುವುದು ಸೂಜಿಗೆ ದಾರ ಪೋಣಿಸಿದಷ್ಟೇ ತಾಳ್ಮೆಯ ಕೆಲಸ. ಸಣ್ಣಪ್ಪ ಹೂ ಕಟ್ಟುವ ದಾರದ ತುದಿಗೆ ಸಣ್ಣ ಮೊಳೆ ಕಟ್ಟಿ ಒಳಗೆ ಬಿಡುತ್ತಾರೆ. ಹೊರಗಿನಿಂದ ಹಳೆಯ ಸ್ಪೀಕರಿನ ಮ್ಯಾಗ್ನೆಟ್ ಹಿಡಿದು ಆ ಮೊಳೆಯನ್ನು ಕೊಳವೆಯುದ್ದಕ್ಕೂ ನಡೆಸಿಕೊಂಡು ಬರುತ್ತಾರೆ. ದಾರದ ಹಿಂದೆ ವೈರು ಬರುತ್ತದೆ. ತುದಿಯನ್ನು ಮೋಟರಿಗೆ ಒತ್ತಿದಾಗ 'ಟಿಕ್' ಎನ್ನಬೇಕು. ಟಿಕ್ ಎನ್ನದಿದ್ದರೆ ಮೊದಲಿಂದ ಶುರು. ಗೇರಿನ ಕರಕರ ಹೋಗಲು ಗುಂಡಿಯಿಂದಲೇ ಮೋಟರನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತಾರೆ. ಸವಾರರು ಬಿದ್ದು ಬಂದರೆ ಮೋಟರು ನೇತಾಡುವ ಲೋಹದ ಕಿವಿ ಬಾಗಿದೆಯೇ ಎಂದು ಮೊದಲು ನೋಡುತ್ತಾರೆ. ಯಲಬುರ್ಗಾದ ಎರೆ ಮಣ್ಣು ಮೆತ್ತಿಕೊಂಡು ಬಂದವರಿಗೆ ಬೈಗುಳವೂ ಉಂಟು.

"ಟ್ರ್ಯಾಕ್ಟರ್ ತೊಳಿಯೋ ಪೈಪ್ ಹಿಡಿದು ಜಾಡಿಸ್ತಾರ್ರಿ. ವೈರಿನ ಬಾಯಾಗ ನೀರು ಹೊಕ್ರ ಏನಾಗಬೇಕು? ಒದ್ದಿ ಬಟ್ಟಿಲೆ ಒರಸ್ರಿ ಅಂತ ಹೇಳಿ ಹೇಳಿ ಸಾಕಾಗೇತಿ."

ದಿನಕ್ಕೆ ಹತ್ತು ಹನ್ನೆರಡು ಪಂಚರ್, ವಾರಕ್ಕೆ ಮೂರು ಇಂಥ ಸೈಕಲ್ಲು. ಬೆಳಿಗ್ಗೆ ಐದಕ್ಕೆ ಬಾಗಿಲು ತೆರೆದರೆ ಸಂಜೆ ಏಳಕ್ಕೆ ಮುಚ್ಚುವುದು. ಮೊದಲ ದಿನ ಇಷ್ಟನ್ನೆಲ್ಲ ಬರೆದುಕೊಂಡು ನಾನು ಒಳಗೊಳಗೇ ಖುಷಿಯಾಗಿದ್ದೆ. ಭಾನುವಾರದ ಪುರವಣಿಗೆ ಹೇಳಿ ಮಾಡಿಸಿದ ಎಲೆಮರೆಯ ಕಾಯಿ. ಒಂದು ಫೋಟೊ ತೆಗೆದುಕೊಂಡು ಹೊರಟರೆ ಮುಗಿಯಿತು. ಫೋನು ಎತ್ತಿ ಹಿಡಿದೆ. ಸಣ್ಣಪ್ಪ ಮುಖಕ್ಕೆ ಅಂಗೈ ಅಡ್ಡ ಹಿಡಿದರು.

"ಬ್ಯಾಡ್ರಿ ಸರ. ನನ್ನ ಬಗ್ಗೆ ಛಲೋ ಬರೀಬ್ಯಾಡ್ರಿ. ಬರಿಯೋದಾದ್ರ ಇದನ್ನ ಬರೀರಿ."

ಅಂಗಡಿಯ ಹಿಂಗೋಡೆಯಲ್ಲಿ ಹಳೆಯ ಇಳಕಲ್ ಸೀರೆ ಹೊದಿಸಿದ ಏನೋ ನೇತಾಡುತ್ತಿತ್ತು. ಸೀರೆ ಸರಿಸಿದರು. ನೀಲಿ ಬಣ್ಣದ ಸೈಕಲ್. ಒಂದು ಚೂರೂ ಧೂಳಿಲ್ಲ.

"ಹನುಮಸಾಗರದ ಅನುಷಾನದು. ನೆನಪೈತೇನ್ರಿ? ಪೇಪರ್‌ನ್ಯಾಗೂ ಬಂದಿತ್ತು."

ನನಗೆ ನೆನಪಿತ್ತು. ಮೂರು ವರ್ಷದ ಹಿಂದೆ ರಾಜ್ಯ ತಂಡದ ಆಯ್ಕೆ ನಡೆದಾಗ ಅನುಷಾಗೆ ಹದಿನೇಳು. ಕೂಲಿ ಮಾಡುವವರ ಮನೆಯ ಹುಡುಗಿ. ದಾನಿಯೊಬ್ಬರು ಕೊಟ್ಟ ಸೆಕೆಂಡ್ ಹ್ಯಾಂಡ್ ಸೈಕಲ್ಲಿಗೆ ಶಿಫ್ಟರ್ ಕೂಡಿಸಿದವರು ಸಣ್ಣಪ್ಪ. ಈ ಹೆದ್ದಾರಿಯಲ್ಲಿ ಆಕೆಯನ್ನು ಹಿಂದಿಕ್ಕುವ ಹುಡುಗರೇ ಇರಲಿಲ್ಲವಂತೆ. ಸ್ಪರ್ಧೆ ನಡೆದದ್ದು ದೂರದ ಜಿಲ್ಲೆಯಲ್ಲಿ. ಬಸ್ಸು ಮತ್ತು ರೈಲಿನಲ್ಲಿ ಎರಡು ದಿನದ ಹಾದಿ. ಸೈಕಲ್ ಬಿಚ್ಚಿ, ಚೀಲದಲ್ಲಿ ಕಟ್ಟಿ ಕೊಟ್ಟವರು ಸಣ್ಣಪ್ಪ.

ಈಗ ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳದ ಮಾತು ಬರಬೇಕು. ಸಣ್ಣಪ್ಪನವರ ತಾಯಿ ಹುಲಿಗವ್ವ ಇಪ್ಪತ್ತೆರಡು ವರ್ಷ ಕಿನ್ನಾಳದಲ್ಲಿ ಗೊಂಬೆ ಕಟ್ಟುವ ಕೂಲಿ ಮಾಡಿದವರು. ಗೊಂಬೆ ಕೆತ್ತುವವರು, ಬಣ್ಣ ಬಳಿಯುವವರು ಬೇರೆ. ಮುಗಿದ ಗೊಂಬೆಯನ್ನು ಪರವೂರಿಗೆ ಕಳಿಸಲು ಪೆಟ್ಟಿಗೆಯಲ್ಲಿ ಜೋಡಿಸುವುದು ಇವರ ಪಾಲಿನ ಕೆಲಸ. ಗರುಡನ ರೆಕ್ಕೆ, ಆನೆಯ ಸೊಂಡಿಲು, ಎಲ್ಲೆಲ್ಲಿ ಸಂದಿ ಇದೆಯೋ ಅಲ್ಲಲ್ಲಿ ಬಟ್ಟೆಯ ಸುರುಳಿ ತುರುಕುವುದು. ಮುಚ್ಚಳ ಹಾಕಿದ ಮೇಲೆ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುವುದು. ಒಳಗಿನಿಂದ ಸಪ್ಪಳ ಬರಬಾರದು. ಬಂದರೆ ಬಿಚ್ಚಿ ಮತ್ತೆ ತುರುಕುವುದು. ಹುಲಿಗವ್ವ ಕಟ್ಟಿದ ಪೆಟ್ಟಿಗೆಯಲ್ಲಿ ಒಂದು ಗೊಂಬೆಯ ಬೆರಳೂ ಮುರಿದಿಲ್ಲ ಎಂದು ಕಿನ್ನಾಳದಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಚಿಕ್ಕಂದಿನಲ್ಲಿ ತಾಯಿಯ ಪಕ್ಕ ಕೂತು ಸಣ್ಣಪ್ಪ ಕಲಿತ ಮೊದಲ ಕಸುಬು ಅದು.

ಅನುಷಾಳ ಸೈಕಲ್ಲನ್ನು ಅವರು ಹಾಗೇ ಕಟ್ಟಿದರು. ಬ್ಯಾಟರಿ ತುಂಬಿಸಿದರು, ಹಸಿರು ದೀಪ ಕಣ್ಣಾರೆ ನೋಡಿದರು. ಹ್ಯಾಂಡಲ್ ತಿರುಗಿಸಿ ಚೌಕಟ್ಟಿಗೆ ಒರಗಿಸಿದರು. ಸಂದಿಸಂದಿಗೂ ಸೀರೆಯ ಸುರುಳಿ ತುರುಕಿದರು. ಚೀಲ ಎತ್ತಿ ಕಿವಿಯ ಹತ್ತಿರ ಅಲುಗಿಸಿದರು. ಒಂದಿಷ್ಟೂ ಸಪ್ಪಳವಿಲ್ಲ.

"ಅವತ್ತು ಎಷ್ಟು ಹೆಮ್ಮಿ ಆಗಿತ್ತು ಗೊತ್ತೇನ್ರಿ. ಅವ್ವನ್ನ ಕರದು ತೋರಿಸಿದ್ದೆ."

ಆ ಸುರುಳಿಗಳಲ್ಲೊಂದು ಶಿಫ್ಟರ್ ಗುಂಡಿಯ ಮೇಲೆ ಒತ್ತಿ ಕೂತಿತ್ತು. ಎರಡು ದಿನವೂ ಅದು ಗುಂಡಿಯನ್ನು ಒತ್ತಿ ಹಿಡಿದೇ ಇತ್ತು. ಮೋಟರು ಸರಿದು ಸರಿದು ಎಲ್ಲಕ್ಕಿಂತ ಹಗುರ ಗೇರಿಗೆ ಹೋಗಿ ನಿಂತಿತು. ಗುಂಡಿ ಬಿಡುವತನಕ ಯಂತ್ರ ಎಚ್ಚರವಾಗಿಯೇ ಇದ್ದು ಬ್ಯಾಟರಿ ಖಾಲಿಯಾಯಿತು. ರೈಲು ತಡವಾಗಿದ್ದರಿಂದ ಸೈಕಲ್ ಜೋಡಿಸಲು ಸಿಕ್ಕಿದ್ದು ಇಪ್ಪತ್ತೇ ನಿಮಿಷ. ಗುಂಡಿ ಒತ್ತಿದರೆ ದೀಪವಿಲ್ಲ, ಸದ್ದಿಲ್ಲ. ಚಾರ್ಜ್ ಮಾಡಲು ಹೊತ್ತಿಲ್ಲ. ಅನುಷಾ ಹಾಗೇ ಹೊರಟಳು. ಗುಡ್ಡ ಹತ್ತುವ ಗೇರಿನಲ್ಲಿ ಸಪಾಟು ರಸ್ತೆಯ ಮೇಲೆ ಇಪ್ಪತ್ತು ಕಿಲೊಮೀಟರು. ಕಾಲುಗಳು ಹೊಲಿಗೆ ಯಂತ್ರದಂತೆ ಓಡುತ್ತಿದ್ದವು, ಸೈಕಲ್ ಮುಂದೆ ಹೋಗುತ್ತಿರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ದಾಟಿ ಹೋದರು. ಬದಿಯಲ್ಲಿ ನಿಂತವರು ನಕ್ಕರು, ವಿಡಿಯೊ ತೆಗೆದರು. ಆಕೆ ಪೂರ್ತಿ ಮಾಡಿಯೇ ಇಳಿದಳು, ಕಟ್ಟಕಡೆಯವಳಾಗಿ.

ಜೊತೆಗೆ ಹೋಗಿದ್ದ ಜಿಲ್ಲಾ ತಂಡದ ಉಸ್ತುವಾರಿ ಕೇಳಿದಾಗ ಅನುಷಾ ಹೇಳಿದ್ದು ಒಂದೇ ಮಾತು: "ಚಾರ್ಜ್ ಮಾಡೋದು ಮರ್ತೇನ್ರಿ." ರಾತ್ರಿಯಿಡೀ ಫೋನಿನಲ್ಲಿದ್ದಳು, ಸೈಕಲ್ ಚಾರ್ಜ್ ಮಾಡಲಿಲ್ಲ ಎಂದು ಅವರು ಪತ್ರಿಕೆಯವರಿಗೆ ಬಣ್ಣ ಕಟ್ಟಿ ಹೇಳಿದರು. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಮೂರು ಕಾಲಮ್ಮಿನ ಸುದ್ದಿ ಬಂತು: 'ಮೊಬೈಲ್ ಚಾರ್ಜ್ ನೆನಪಿತ್ತು, ಸೈಕಲ್ ಮರೆತಿತ್ತು!'

ಸಣ್ಣಪ್ಪನವರಿಗೆ ತಪ್ಪು ಗೊತ್ತಾದದ್ದು ಆರು ತಿಂಗಳ ಮೇಲೆ. ಇನ್ನೊಂದು ಸೈಕಲ್ ಕಟ್ಟಿಟ್ಟು ಎರಡು ದಿನ ಬಿಟ್ಟು ಬಿಚ್ಚಿದರು. ಬ್ಯಾಟರಿ ಸತ್ತಿತ್ತು. ಬಟ್ಟೆಯ ಸುರುಳಿ ಗುಂಡಿಯನ್ನು ಒತ್ತಿ ಹಿಡಿದಿರುವುದು ಕಣ್ಣಿಗೆ ಬಿತ್ತು. ನಂಬಲಾಗದೆ ಮತ್ತೆ ಹಾಗೇ ಕಟ್ಟಿ ನೋಡಿದರು. ಮೂರು ಸಲ ಕಟ್ಟಿದರು, ಮೂರು ಸಲವೂ ಖಾಲಿ. ನಾಲ್ಕನೆಯ ಸಲ ಬ್ಯಾಟರಿಯ ವೈರು ಕಿತ್ತು ಕಟ್ಟಿದರು. ಎರಡು ದಿನದ ಮೇಲೆ ವೈರು ಕೂಡಿಸಿದರೆ ಹಸಿರು ದೀಪ.

"ಆ ಹಸಿರು ಲೈಟ್ ನೋಡಿದ ಮ್ಯಾಲೆ ತಿಳೀತ್ರಿ. ಒಂದು ವೈರು ಕೀಳಬೇಕಾಗಿತ್ರಿ. ಬರೇ ಒಂದು ವೈರು."

ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡು ಒರೆಸತೊಡಗಿದರು.

"ಸುಳ್ಳು ಯಾಕ ಹೇಳ್ಲಿ? ಅಂಜಿದ್ನಿರಿ. ಹೇಳಿದ್ರ ಯಾರು ಇಂಥಾ ಸೈಕಲ್ ತಂದು ನನ್ನ ಕೈಯಾಗ ಕೊಡ್ತಾರ? ಈ ನಾಕ್ ಊರಾಗ ಸಣ್ಣಪ್ಪ ಅಂದ್ರ ಒಂದು ಹೆಸರು ಐತಿ. ಆ ಹೆಸರು ಉಳಿಸ್ಕೊಂಡೆ. ಆ ಹುಡುಗಿ ಹೆಸರು ಹೋತು."

ಅನುಷಾ ಆ ಮೇಲೆ ರೇಸಿಗೆ ಹೋಗಲಿಲ್ಲ. ಸೈಕಲ್ಲನ್ನು ಅಂಗಡಿಯಲ್ಲಿ ಬಿಟ್ಟುಹೋದವಳು ಕೇಳಲೂ ಬರಲಿಲ್ಲ. ಪ್ರತಿ ಅಮಾವಾಸ್ಯೆಗೆ ಊರಿನವರು ಗಾಡಿಗಳಿಗೆ ಪೂಜೆ ಮಾಡುವಾಗ ಸಣ್ಣಪ್ಪ ಈ ಸೈಕಲ್ ಇಳಿಸಿ ಚೈನಿಗೆ ಎಣ್ಣೆ ಬಿಟ್ಟು, ಬ್ಯಾಟರಿ ತುಂಬಿಸಿ, ನಿಂಬೆಹಣ್ಣು ಇಟ್ಟು, ಮತ್ತೆ ನೇತುಹಾಕುತ್ತಾರೆ. ಮೂರು ವರ್ಷದಲ್ಲಿ ಒಂದು ಅಮಾವಾಸ್ಯೆಯೂ ತಪ್ಪಿಲ್ಲ.

ಇಷ್ಟು ಹೇಳಿ ಅವರು ಕಣ್ಣೊರೆಸಿಕೊಂಡರು. ನಾನು ಟಿಪ್ಪಣಿ ಪುಸ್ತಕ ಮಡಚಿ ಎದ್ದೆ. ಬರುತ್ತೇನೆ ಎಂದು ಹೇಳಿ ಬಂದೆ. ಹೇಳಬೇಕಾದ ಒಂದು ಮಾತನ್ನು ಹೇಳದೆ ಬಂದೆ. ಆ ಮೂರು ಕಾಲಮ್ಮಿನ ಸುದ್ದಿ ಬರೆದವನು ನಾನೇ. ಸ್ಪರ್ಧೆಗೆ ಹೋಗಿರಲಿಲ್ಲ, ಅನುಷಾಳಿಗೆ ಫೋನು ಮಾಡಿರಲಿಲ್ಲ. ಉಸ್ತುವಾರಿ ಹೇಳಿದ್ದಕ್ಕೆ ತಲೆಯಾಡಿಸಿ ಹತ್ತು ನಿಮಿಷದಲ್ಲಿ ಬರೆದೆ. ಶೀರ್ಷಿಕೆಯೂ ನನ್ನದೇ. ಕೊನೆಯ ಆಶ್ಚರ್ಯಸೂಚಕ ಚಿಹ್ನೆ ಹಾಕಿದ ಮೇಲೆ ಕಚೇರಿಯಲ್ಲಿ ಎಲ್ಲರಿಗೂ ಓದಿ ಹೇಳಿ ನಗಿಸಿದ್ದೆ.

ಒಂದು ವಾರ ಬಾಯಿ ಮುಚ್ಚಿಕೊಂಡಿದ್ದೆ. ಸಣ್ಣಪ್ಪ ಎರಡೂವರೆ ವರ್ಷ ಹೇಗೆ ಸುಮ್ಮನಿದ್ದರು ಎಂದು ಕೇಳಿದವನಿಗೆ ತನ್ನ ಸುಮ್ಮನಿರುವಿಕೆ ಎಷ್ಟು ಸಲೀಸು ಎಂದು ಆ ವಾರದಲ್ಲಿ ಗೊತ್ತಾಯಿತು. ನಾಚಿಕೆಯಾಯಿತು ಎಂದರೆ ಕಡಿಮೆ. ಊಟಕ್ಕೆ ಕೂತಾಗ ಮಗಳ ಮುಖ ನೋಡಲಾಗುತ್ತಿರಲಿಲ್ಲ. ಆಕೆಗೂ ಈಗ ಹದಿನೇಳು.

ಎಂಟನೆಯ ದಿನ ಅಂಗಡಿಗೆ ಹೋಗಿ, ಅನುಷಾಳಿಗೆ ಎಲ್ಲ ಹೇಳಿಬಿಡೋಣ ಎಂದು ಸಣ್ಣಪ್ಪನವರನ್ನು ಹೊರಡಿಸಿದೆ; ಇಬ್ಬರೂ ಯಲಬುರ್ಗಾ ಬಸ್ಸು ಹತ್ತಿದೆವು. ಅನುಷಾ ಈಗ ಅಲ್ಲಿನ ಸರ್ಕಾರಿ ಕಚೇರಿಯೊಂದರಲ್ಲಿ ಗುತ್ತಿಗೆ ಮೇಲೆ ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಬಸ್ಸಿನಲ್ಲಿ ಸಣ್ಣಪ್ಪನವರಿಗೆ ನನ್ನ ವಿಷಯ ಹೇಳಿದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಕಿಟಕಿಯ ಕಡೆ ಮುಖ ತಿರುಗಿಸಿ, "ಅಂದ್ರ ಇಬ್ಬರಾದಿವಿ" ಎಂದರು.

ಸಂಜೆ ಬಸ್‌ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅನುಷಾ ಹನುಮಸಾಗರದ ಬಸ್ಸಿಗೆ ಕಾಯುತ್ತಿದ್ದಳು. ಸಣ್ಣಪ್ಪ ಅವಳ ಮುಂದೆ ನಿಂತೇ ಎಲ್ಲ ಹೇಳಿದರು. ಸುರುಳಿ, ಗುಂಡಿ, ವೈರು. ಆಕೆ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೇಳಿದಳು.

"ನೀವು ಚಾರ್ಜ್ ಮಾಡೋದು ಮರ್ತೀರಿ ಅಂತ ತಿಳ್ಕೊಂಡಿದ್ನಿರಿ ಕಾಕಾ" ಎಂದಳು ಕೊನೆಗೆ. "ನಿಮ್ಮ ಹೆಸರು ಹೇಳಿದ್ರ ನಿಮ್ಮ ಅಂಗಡಿಗೆ ಯಾರೂ ಬರಂಗಿಲ್ಲ ಅಂತ ನಾನ ಮರ್ತೆ ಅಂದೆ. ಸಾಲಿಗೆ ಹೋಗೋ ಹುಡುಗ್ರೂ ನನ್ನ ನೋಡಿ 'ಚಾರ್ಜ್ ಆತೇನಕ್ಕಾ' ಅಂತಿದ್ರು."

ಸಣ್ಣಪ್ಪ ಅವಳ ಮುಂದೆ ನೆಲದ ಮೇಲೆ ಕೂತರು. "ಮರ್ತಿದ್ದಿಲ್ಲವಾ ತಂಗಿ. ಹಸಿರು ಲೈಟ್ ನೋಡೇನಿ..."

"ಯಾವಾಗ ಗೊತ್ತಾತ್ರಿ ನಿಮಗ?"

"ಆರ್ ತಿಂಗಳಿಗೆ."

ಅನುಷಾ ಲೆಕ್ಕ ಹಾಕಿದಳು. "ಕಟ್ಟೋದ್ರಾಗ ತಪ್ಪಾಗಿದ್ದು ಬ್ಯಾರೆ ಮಾತ್ರಿ. ಹೋದ ವರ್ಷ ಸಂತ್ಯಾಗ ಸಿಕ್ಕಾಗ 'ಆರಾಮಿದ್ದೀಯೇನವಾ' ಅಂತ ಕೇಳಿದ್ರಿ. ಆರಾಮಿಲ್ಲ ಅಂತ ಗೊತ್ತಿದ್ದೂ ಕೇಳಿದ್ರಿ."

ಆಕೆ ನನ್ನ ಕಡೆ ತಿರುಗಿದಳು. ನನ್ನ ತಪ್ಪನ್ನೂ ಹೇಳಿದೆ.

"ಅದು ನೀವೇನ್ರಿ? ನಮ್ಮಪ್ಪ ಆ ಪೇಪರ್ ಟ್ರಂಕಿನ್ಯಾಗ ಇಟ್ಟಾನ್ರಿ. ಮಗಳ ಫೋಟೊ ಬಂದೈತಿ ಅಂತ. ಅವಗ ಓದಾಕ ಬರಂಗಿಲ್ಲ." ಅಷ್ಟರಲ್ಲಿ ಬಸ್ಸು ಬಂತು. ಮೆಟ್ಟಿಲ ಮೇಲೆ ನಿಂತು ಹೇಳಿದಳು, "ಬರೀರಿ ಸರ. ಅಷ್ಟ ದೊಡ್ಡ ಅಕ್ಷರದಾಗ ಬರೀರಿ."

ಬರೆಯುತ್ತಿದ್ದೇನೆ. ಅನುಷಾ ಚಾರ್ಜ್ ಮಾಡಲು ಮರೆತಿರಲಿಲ್ಲ. ಆ ಸುದ್ದಿ ಸುಳ್ಳು. ಆಕೆಯ ಮನೆಗೆ ಹೋಗಿ, ಹಳೆಯದನ್ನೂ ಇದನ್ನೂ ಆಕೆಯ ತಂದೆಗೆ ನಾನೇ ಓದಿ ಹೇಳಬೇಕು.

ಸಣ್ಣಪ್ಪ ತಾಯಿಗೆ ವಿಷಯ ಹೇಳಿದ್ದು ಯಲಬುರ್ಗಾದಿಂದ ಬಂದ ಮೇಲೆ. ಅವ್ವನ ಹೆಸರು ಮಾತ್ರ ಹಾಕಬೇಡಿ ಎಂದು ಅವರು ನನ್ನನ್ನು ಕೇಳಿಕೊಂಡಿದ್ದರು. ಹುಲಿಗವ್ವ ಒಪ್ಪಲಿಲ್ಲ. "ಹಾಕ್ರಿ ಯಪ್ಪಾ. ಕಟ್ಟೋದು ಕಲಿಸಿದಾಕಿ ನಾನ ಅಲ್ಲೇನು?" ಎಂದರು.

ಹೋದ ಭಾನುವಾರ ಬೆಳಿಗ್ಗೆ ನಾನು ಅಂಗಡಿಯಲ್ಲಿದ್ದಾಗ ಅನುಷಾ ಬಂದಳು. ಹೇಳಿ ಬಂದಿರಲಿಲ್ಲ. ಕಂಕುಳಲ್ಲಿ ಖಾಲಿ ಚೀಲ. ಸಣ್ಣಪ್ಪ ಸೈಕಲ್ ಇಳಿಸಿ ಸ್ಟ್ಯಾಂಡಿಗೆ ಹಾಕಿದರು. ಆಕೆ ಪೆಡಲು ತಿರುಗಿಸಿ ಗುಂಡಿ ಒತ್ತಿದಳು. ಝುಂಯ್. ಇನ್ನೊಮ್ಮೆ. ಹನ್ನೊಂದು ಗೇರನ್ನೂ ಏರಿಸಿ ಇಳಿಸಿದಳು. ಒಂದರಲ್ಲೂ ಕರಕರ ಇರಲಿಲ್ಲ. ಅದು ನನಗೂ ಗೊತ್ತಾಯಿತು.

ಚೀಲ ಬಿಡಿಸಲು ಸಣ್ಣಪ್ಪ ಕೈ ಚಾಚಿದರು. "ಬ್ಯಾಡ್ರಿ ಕಾಕಾ, ನಾನ ಕಟ್ತೀನಿ" ಎಂದಳು. ಅವರು ಕೈ ಹಿಂದಕ್ಕೆ ತೆಗೆದುಕೊಂಡು ಗೋಡೆಗೆ ಒರಗಿ ನಿಂತರು. ಸ್ವಂತ ಅಂಗಡಿಯಲ್ಲಿ, ಶಿಕ್ಷೆಗೆ ನಿಲ್ಲಿಸಿದವರ ಹಾಗೆ. ಆಕೆ ಪಾನಾ ಕೇಳಿ ತೆಗೆದುಕೊಂಡಳು. ಸೀಟಿನ ಕೊಳವೆ ಎತ್ತಿ, ಬ್ಯಾಟರಿಯ ವೈರನ್ನು ಎಳೆದು, ಕಿತ್ತ ತುದಿಯನ್ನು ಸಣ್ಣಪ್ಪನವರ ಕಡೆ ಹಿಡಿದು ತೋರಿಸಿದಳು. ಅವರು ತಲೆಯಾಡಿಸಿದರು. ಗಾಲಿ ಬಿಚ್ಚಿದಳು, ಹ್ಯಾಂಡಲ್ ತಿರುಗಿಸಿದಳು, ಗುಂಡಿಯ ಸುತ್ತ ಜಾಗ ಬಿಟ್ಟು ಚೀಲ ಮುಚ್ಚಿದಳು.

ಹೆಗಲಿಗೆ ಏರಿಸಿದಾಗ ಒಳಗೆ ಏನೋ ಲೊಡಲೊಡ ಅಂತು.

ಮೂಲೆಯಲ್ಲಿ ಗೋಣಿಚೀಲದ ಮೇಲೆ ಕೂತಿದ್ದ ಹುಲಿಗವ್ವನ ಕಿವಿ ನೆಟ್ಟಗಾಯಿತು. ಇಪ್ಪತ್ತೆರಡು ವರ್ಷದ ರೂಢಿ ಎಲ್ಲಿ ಹೋಗಬೇಕು? ಪಕ್ಕದಲ್ಲಿದ್ದ ಅರಿವೆ ತುಂಡು ಎತ್ತಿಕೊಂಡು ಮೊಣಕಾಲು ಹಿಡಿದು ಎದ್ದರು. "ಸಪ್ಪಳ ಬರಾಕತ್ತೈತಲ್ಲ, ತಡಿಯವಾ, ಈಟು ತುರುಕ್ತೀನಿ."

ಸಣ್ಣಪ್ಪ ಮುಂದೆ ಬಂದು ತಾಯಿಯ ಕೈ ಹಿಡಿದುಕೊಂಡರು.

"ಬರ್ಲಿ ಬಿಡವ್ವಾ. ಹನುಮಸಾಗರ ಮುಟ್ಟೋತನಕ ಬರ್ಲಿ."